ಮಾಜಿ ಫುಟ್‌ಬಾಲಿಗನ ಕಾಯಿಲೆ ಯಾರ ಹೊಣೆ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಫುಟ್‌ಬಾಲ್ ಆಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುವವರಿಗೆ ಒಂದು ಬಗೆಯ ಪೋಸ್ಟರ್ ಚಿರಪರಿಚಿತ. ಒಂದು ಬದಿಯಲ್ಲಿ ಹಳೆಯ ತಂಡದ ಜೆರ್ಸಿ ತೊಟ್ಟು ಟ್ರೋಫಿಯ ಪಕ್ಕ ಮಂಡಿಯೂರಿ ಕುಳಿತ ಯುವಕ, ಇನ್ನೊಂದು ಬದಿಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವ ಅದೇ ಮನುಷ್ಯ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಕ್ಯೂಆರ್ ಕೋಡ್. ಪೋಸ್ಟರ್ ಬಂದ ಮೊದಲ ಕೆಲವು ದಿನ ಊರಿನ ಹುಡುಗರು ನಿಜಕ್ಕೂ ಓಡಾಡುತ್ತಾರೆ. ಮಳೆ ನಿಂತ ಕಾಲವಾದರೆ ಸಹಾಯಾರ್ಥ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಪಂದ್ಯಾವಳಿಯೂ ನಡೆಯುತ್ತದೆ, ಗಲ್ಫ್ ಸೇರಿದ ಹಳೆಯ ಜೊತೆಗಾರರು ಹಣ ಕಳಿಸುತ್ತಾರೆ, ಎದುರಾಳಿ ತಂಡದವರು ಹಳೆಯ ಜಗಳ ಮರೆತು ಟಿಕೆಟ್ ಕೊಳ್ಳುತ್ತಾರೆ. ಒಂದೆರಡು ವಾರ ಕಳೆದ ಮೇಲೆ ಗುಂಪಿನಲ್ಲಿ ಮತ್ತೆ ಮೆಸ್ಸಿ ಹೆಚ್ಚೋ ರೊನಾಲ್ಡೊ ಹೆಚ್ಚೋ ಎಂಬ ವಾದ ಶುರುವಾಗುತ್ತದೆ. ಕಾಯಿಲೆ ಮಾತ್ರ ಆ ಮನೆಯಲ್ಲೇ ಇರುತ್ತದೆ.

ಈ ಓಡಾಟವನ್ನು ಆರಂಭಶೂರತ್ವವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಸರ್ಕಾರ, ಕ್ರೀಡಾ ಸಂಸ್ಥೆ, ಕ್ಲಬ್ ಯಾವುದೂ ಬಾರದ ಬಾಗಿಲಿಗೆ ಮೊದಲು ಬಂದು ನಿಲ್ಲುವವರು ಅಭಿಮಾನಿಗಳೇ. ಪ್ರಶ್ನೆ ಇರುವುದು ಅವರ ಪ್ರೀತಿ ಯಾವ ರೂಪ ತಾಳಬೇಕು ಎಂಬುದರಲ್ಲಿ. ಫುಟ್‌ಬಾಲ್ ಅಭಿಮಾನಿಗಳು ಕಾಯಿಲೆ ಬಿದ್ದ ಆಟಗಾರರ ಬೆನ್ನಿಗೆ ನಿಂತ ಪ್ರಸಂಗಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅವರು ಕೂಡಿಸಿದ ಹಣಕ್ಕಿಂತ ಅವರು ಬಿಡದೆ ಕೇಳಿದ ಪ್ರಶ್ನೆ ಹೆಚ್ಚು ದೂರ ಹೋಗಿದೆ ಎಂಬುದು ಕಾಣುತ್ತದೆ. ನಮ್ಮ ಜಿಲ್ಲೆಗಳಲ್ಲಿ ಹಣ ಕೂಡಿಸುವ ಕಲೆ ನಮಗೆ ಚೆನ್ನಾಗಿಯೇ ಗೊತ್ತು. ಪ್ರಶ್ನೆ ಕೇಳುವ ಕೆಲಸವನ್ನು ಇನ್ನೂ ಆರಂಭಿಸಿಲ್ಲ ಎನ್ನುವುದು ನನ್ನ ತಕರಾರು.

ಇಂಗ್ಲೆಂಡಿನ ಆ್ಯಸ್ಟನ್ ವಿಲ್ಲಾ ತಂಡದ ನಾಯಕನಾಗಿದ್ದ ಬಲ್ಗೇರಿಯದ ಸ್ಟಿಲಿಯನ್ ಪೆಟ್ರೊವ್ ಅವರಿಗೆ 2012ರ ಮಾರ್ಚ್ ಕೊನೆಯಲ್ಲಿ ತೀವ್ರ ಸ್ವರೂಪದ ರಕ್ತ ಕ್ಯಾನ್ಸರ್ ಇರುವುದು ತಿಳಿಯಿತು. ಅವರ ಜೆರ್ಸಿಯ ಸಂಖ್ಯೆ 19. ಅಲ್ಲಿಂದ ಮುಂದೆ ವಿಲ್ಲಾ ತಂಡದ ಪಂದ್ಯಗಳಲ್ಲಿ 19ನೇ ನಿಮಿಷಕ್ಕೆ ಜನ ಎದ್ದುನಿಂತು ಒಂದು ನಿಮಿಷ ಚಪ್ಪಾಳೆ ತಟ್ಟುವುದು ರೂಢಿಯಾಯಿತು. ಪೆಟ್ರೊವ್ ಚೇತರಿಸಿಕೊಂಡು 2013ರಲ್ಲಿ ನಿವೃತ್ತಿ ಘೋಷಿಸಿದರು. ಪ್ರೀಮಿಯರ್ ಲೀಗ್‌ನ ಸಂಬಳ, ಕ್ಲಬ್‌ನ ವೈದ್ಯರು, ದೇಶದ ಉಚಿತ ಆರೋಗ್ಯ ಸೇವೆ ಎಲ್ಲವೂ ಅವರ ಪಾಲಿಗಿದ್ದುದರಿಂದ ಅಲ್ಲಿ ಅಭಿಮಾನಿಗಳು ಕೊಡಬೇಕಾಗಿದ್ದದ್ದು ಧೈರ್ಯವೊಂದನ್ನೇ.

ಸ್ಕಾಟ್ಲೆಂಡಿನ ರೇಂಜರ್ಸ್ ತಂಡದ ಮಾಜಿ ನಾಯಕ, ನೆದರ್ಲೆಂಡ್ಸ್‌ನ ಫರ್ನಾಂಡೊ ರಿಕ್ಸೆನ್ ಅವರ ಕಥೆ ಬೇರೆ. 2013ರ ಅಕ್ಟೋಬರ್‌ನಲ್ಲಿ ಅವರು ತಮ್ಮ ದೇಶದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ತಮಗೆ ಮೋಟಾರ್ ನ್ಯೂರಾನ್ ಕಾಯಿಲೆ ಇದೆಯೆಂದು ಹೇಳಿದಾಗ ಅವರ ಮಾತು ಆಗಲೇ ತೊದಲುತ್ತಿತ್ತು. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಈ ಕಾಯಿಲೆಯನ್ನು ವಾಸಿಮಾಡುವ ಔಷಧ ಇಂದಿಗೂ ಇಲ್ಲ. ಮೊದಲು ಕೈಕಾಲು ಅಥವಾ ನಾಲಗೆ, ನಂತರ ನುಂಗುವ ಶಕ್ತಿ, ಕೊನೆಗೆ ಉಸಿರಾಟ ಕೈಕೊಡುತ್ತದೆ. ಬುದ್ಧಿ ಬಹುತೇಕರಲ್ಲಿ ನೆಟ್ಟಗೇ ಇದ್ದು ಇದನ್ನೆಲ್ಲ ನೋಡುತ್ತಿರುತ್ತದೆ. 2015ರ ಜನವರಿಯಲ್ಲಿ ಗ್ಲಾಸ್ಗೊದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ನಡೆದ ಗೌರವಾರ್ಥ ಪಂದ್ಯಕ್ಕೆ 41,000ಕ್ಕೂ ಹೆಚ್ಚು ಜನ ಬಂದರು, ಮೂರು ಲಕ್ಷ ಪೌಂಡ್‌ಗೂ ಮಿಕ್ಕಿ ಹಣ ಕೂಡಿತು. ಆದರೆ ರಿಕ್ಸೆನ್ ತೀರಿಕೊಂಡದ್ದು 2019ರ ಸೆಪ್ಟೆಂಬರ್ 18ರಂದು, 43ನೇ ವಯಸ್ಸಿನಲ್ಲಿ. ಆ ದೊಡ್ಡ ಸಂಜೆಯ ಆಚೆಗೆ ನಾಲ್ಕೂವರೆ ವರ್ಷಗಳಿಗಿಂತ ಹೆಚ್ಚು ಕಾಲ ಕಾಯಿಲೆ ಮುಂದುವರಿಯಿತು. 2019ರ ಜೂನ್ ಕೊನೆಯಲ್ಲಿ ತಮ್ಮ ಕೊನೆಯದೆಂದು ಅವರೇ ಮುಂಚಿತವಾಗಿ ಹೇಳಿದ್ದ ಕಾರ್ಯಕ್ರಮದಲ್ಲಿಯೂ ರೇಂಜರ್ಸ್ ಅಭಿಮಾನಿಗಳು ಅವರ ಮುಂದಿದ್ದರು. ಕ್ರೀಡಾಂಗಣ ತುಂಬಿದ ದಿನಕ್ಕಿಂತ ಈ ನಡುವಿನ ವರ್ಷಗಳ ಒಡನಾಟವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ಪ್ರಸಂಗದಲ್ಲಿ ಆಟಗಾರ ಬದುಕಿಯೇ ಇರಲಿಲ್ಲ, ಆದರೂ ಅಭಿಮಾನಿಗಳು ಗೆದ್ದರು. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಜೆಫ್ ಆ್ಯಸ್ಟಲ್ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಪ್ರಸಿದ್ಧರು. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಗೆಲುವಿನ ಗೋಲು ಅವರದು. ಆ ಕಾಲದ ದೊಡ್ಡ ಆಟಗಾರರಿಗೂ ನಿವೃತ್ತಿಯ ನಂತರ ಹೊಟ್ಟೆಪಾಡಿನ ಕೆಲಸ ಬೇಕಿತ್ತು, ಆ್ಯಸ್ಟಲ್ ಶುಚಿಗೊಳಿಸುವ ಕೆಲಸದ ವ್ಯವಹಾರ ನಡೆಸಿದರು. ಐವತ್ತರ ಹರೆಯದಲ್ಲೇ ಮರೆವಿನ ಕಾಯಿಲೆಗೆ ತುತ್ತಾಗಿ 2002ರ ಜನವರಿಯಲ್ಲಿ 59ನೇ ವಯಸ್ಸಿಗೆ ತೀರಿಕೊಂಡರು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ವೃತ್ತಿಜನ್ಯ ಕಾಯಿಲೆಯಿಂದಾದ ಸಾವು ಎಂದು ದಾಖಲಿಸಿದರು: ಚೆಂಡನ್ನು ಮತ್ತೆ ಮತ್ತೆ ತಲೆಯಿಂದ ಹೊಡೆದದ್ದು ಮಿದುಳಿಗೆ ಪೆಟ್ಟುಮಾಡಿತ್ತು ಎಂಬುದು ಅದರ ತಾತ್ಪರ್ಯ. ಇಂಥ ತೀರ್ಪು ಬಂದ ಮೇಲೂ ಫುಟ್‌ಬಾಲ್ ಆಡಳಿತ ಒಂದು ದಶಕಕ್ಕೂ ಹೆಚ್ಚು ಕಾಲ ಮೌನವಾಗಿತ್ತು. ಮಾಡುತ್ತೇವೆಂದ ಅಧ್ಯಯನದ ಫಲಿತಾಂಶ ಹೊರಬರಲೇ ಇಲ್ಲ. 2014ರಲ್ಲಿ ಮಿದುಳಿನ ರೋಗಶಾಸ್ತ್ರ ತಜ್ಞ ವಿಲ್ಲಿ ಸ್ಟುವರ್ಟ್ ಅವರು, ಸಂರಕ್ಷಿಸಿಡಲಾಗಿದ್ದ ಆ್ಯಸ್ಟಲ್ ಅವರ ಮಿದುಳನ್ನು ಮತ್ತೆ ಪರೀಕ್ಷಿಸಿ, ಬಾಕ್ಸಿಂಗ್ ಪಟುಗಳಲ್ಲಿ ಕಾಣುವಂಥದೇ ಹಾನಿ ಅದರಲ್ಲಿದೆ ಎಂದು ಕಂಡುಕೊಂಡರು. ಆ ವರ್ಷ ಕುಟುಂಬ ಕೈಗೊಂಡ ನ್ಯಾಯಹೋರಾಟಕ್ಕೆ ಬೆಂಬಲವಾಗಿ ಅಭಿಮಾನಿಗಳು ಪಂದ್ಯದಿಂದ ಪಂದ್ಯಕ್ಕೆ 9ನೇ ನಿಮಿಷದಲ್ಲಿ ಚಪ್ಪಾಳೆ ತಟ್ಟಲಾರಂಭಿಸಿದರು, ಏಕೆಂದರೆ ಆ್ಯಸ್ಟಲ್ ತೊಡುತ್ತಿದ್ದದ್ದು 9ನೇ ಸಂಖ್ಯೆಯ ಜೆರ್ಸಿ. ಪೆಟ್ರೊವ್‌ಗೆ ಸಿಕ್ಕ ಚಪ್ಪಾಳೆಯಂತೆಯೇ ಕೇಳಿಸುವ ಈ ಚಪ್ಪಾಳೆಯ ಅರ್ಥ ಪೂರ್ತಿ ಬೇರೆ; ಅದು ಸಂಸ್ಥೆಗೆ ಪ್ರತಿ ವಾರ ತಲುಪುತ್ತಿದ್ದ ನೋಟಿಸ್.

ಆ ಒತ್ತಡದ ನಂತರ, ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಮತ್ತು ಆಟಗಾರರ ಸಂಘದ ಹಣದಲ್ಲೇ ನಡೆದ ಗ್ಲಾಸ್ಗೊ ವಿಶ್ವವಿದ್ಯಾಲಯದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸುಮಾರು 23,000 ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿದಾಗ, ಆಟಗಾರರು ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ತಿಳಿಯಿತು. ಹೃದಯದ ಕಾಯಿಲೆ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಆಟಗಾರರಲ್ಲಿ ಕಡಿಮೆ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಆದ್ದರಿಂದ ಮಕ್ಕಳನ್ನು ಮೈದಾನದಿಂದ ಮನೆಗೆ ಕರೆತರುವ ಕಾರಣವೇನೂ ಇಲ್ಲ. ಮುಂದಿನ ವಿಶ್ಲೇಷಣೆಯಲ್ಲಿ ಈ ಅಪಾಯ ಡಿಫೆಂಡರ್‌ಗಳಲ್ಲಿ ಅತಿ ಹೆಚ್ಚು, ಗೋಲ್‌ಕೀಪರ್‌ಗಳಲ್ಲಿ ಸಾಮಾನ್ಯ ಜನರಷ್ಟೇ ಎಂಬುದು ಕಂಡುಬಂತು. ಇಂದು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಚಿಕ್ಕ ಮಕ್ಕಳ ತರಬೇತಿಯಲ್ಲಿ ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಬೇಡವೆಂಬ ಮಾರ್ಗಸೂಚಿ ಇದೆ. ಮಳೆಯಲ್ಲಿ ನೆನೆದು ಭಾರವಾದ ಚರ್ಮದ ಚೆಂಡನ್ನು ಹಣೆಯಿಂದ ಹೊಡೆದ ಹಿರಿಯ ಬ್ಯಾಕ್‌ಗಳು, ಅಂದರೆ ಡಿಫೆಂಡರ್‌ಗಳು, ಮಲೆನಾಡಿನಲ್ಲೂ ಇದ್ದಾರೆ. ಅವರ ಪ್ರತಿಯೊಂದು ಮರೆವಿಗೂ ಚೆಂಡೇ ಕಾರಣವೆಂದು ಹೇಳಲಾಗದು, ವಯಸ್ಸಿನ ಪಾಲೂ ಇರುತ್ತದೆ. ಆದರೆ ಚಿಕಿತ್ಸೆ ನೀಡುವ ವೈದ್ಯರಿಗೆ ಈತ ಇಷ್ಟು ವರ್ಷ ಫುಟ್‌ಬಾಲ್ ಆಡಿದವರು ಎಂಬ ಒಂದು ಮಾತನ್ನಾದರೂ ತಿಳಿಸಬೇಕು.

ನಮ್ಮಲ್ಲಿ ಹೊಣೆಯ ಪ್ರಶ್ನೆ ಇನ್ನಷ್ಟು ಜಟಿಲ. ಹಿಂದಿನ ತಲೆಮಾರಿನ ಕರ್ನಾಟಕದ ಒಳ್ಳೆಯ ಆಟಗಾರನಿಗೆ ಕ್ಲಬ್ ಎಂದರೆ ಕೆಲಸವೂ ಆಗಿತ್ತು. ಎಚ್‌ಎಎಲ್, ಐಟಿಐ, ರೈಲ್ವೆ, ಬ್ಯಾಂಕು, ಸೇನೆಯ ತಂಡಗಳಿಗೆ ಆಡಿದವರು ಅಲ್ಲಿನ ನೌಕರರೇ ಆಗಿದ್ದರು. ಕಾಲು ಸೋತ ಮೇಲೆ ಕಚೇರಿಯ ಕುರ್ಚಿ, ನಿವೃತ್ತಿಯ ನಂತರ ಪಿಂಚಣಿ, ಕಾಯಿಲೆ ಬಂದರೆ ಇಲಾಖೆಯ ಆಸ್ಪತ್ರೆ ಇರುತ್ತಿತ್ತು. ಆ ವ್ಯವಸ್ಥೆ ಕ್ಷೀಣಿಸಿದ ಮೇಲೆ ಬಂದ ವೃತ್ತಿಪರ ಲೀಗ್‌ಗಳಲ್ಲಿ ಸಂಬಳ ಹೆಚ್ಚಾಯಿತು, ಸಂಬಂಧ ಒಪ್ಪಂದದ ಅವಧಿಗೆ ಇಳಿಯಿತು. 2025ರ ಜುಲೈನಲ್ಲಿ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಅನ್ನು ತಡೆಹಿಡಿದಾಗ, ಮುಂದಿನ ತಿಂಗಳು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆಡುತ್ತಿರುವವರ ಸ್ಥಿತಿಯೇ ಇಷ್ಟು ಅತಂತ್ರವಾಗಿದ್ದರೆ ಇಪ್ಪತ್ತು ವರ್ಷದ ಹಿಂದೆ ಬೂಟು ಕಳಚಿಟ್ಟವರನ್ನು ಯಾವ ಕ್ಲಬ್ ನೆನೆಯುತ್ತದೆ? ಇನ್ನು ಜಿಲ್ಲಾ ಮಟ್ಟದಲ್ಲಿ, ಸೆವೆನ್ಸ್ ಕಣದಲ್ಲಿ ಪಂದ್ಯಕ್ಕಿಷ್ಟು ಎಂದು ಆಡಿದವರಿಗೆ ಒಪ್ಪಂದವೆಂಬ ಕಾಗದವೇ ಇರಲಿಲ್ಲ.

ಕ್ರಿಕೆಟ್ ಜೊತೆ ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. 2024ರಲ್ಲಿ ಭಾರತದ ಮಾಜಿ ಕ್ರಿಕೆಟಿಗ ಅಂಶುಮಾನ್ ಗಾಯಕ್ವಾಡ್ ರಕ್ತ ಕ್ಯಾನ್ಸರ್‌ನಿಂದ ಬಳಲುತ್ತಿದ್ದಾಗ ಕಪಿಲ್ ದೇವ್ ತಮ್ಮ ಪಿಂಚಣಿಯನ್ನೇ ಕೊಡಲು ಸಿದ್ಧರೆಂದು ಬಹಿರಂಗವಾಗಿ ಹೇಳಿದರು, ಜುಲೈನಲ್ಲಿ ಬಿಸಿಸಿಐ ಒಂದು ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಗಾಯಕ್ವಾಡ್ ಆ ತಿಂಗಳ ಕೊನೆಯಲ್ಲೇ ತೀರಿಕೊಂಡರು. ನೆರವು ತಡವಾಯಿತೆಂಬ ಟೀಕೆ ಇರಬಹುದು, ಆದರೆ ಕೇಳಲು ಒಂದು ಬಾಗಿಲಿತ್ತು, ಬಾಗಿಲ ಹಿಂದೆ ಹಣವಿತ್ತು. ಮಾಜಿ ಪ್ರಥಮ ದರ್ಜೆ ಆಟಗಾರರಿಗೆ ತಿಂಗಳಿಗೆ 15,000 ರೂಪಾಯಿ ಇದ್ದ ಪಿಂಚಣಿಯನ್ನು ಬಿಸಿಸಿಐ 2022ರಲ್ಲಿ 30,000ಕ್ಕೆ ಏರಿಸಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದ ಜಿಲ್ಲೆ ನಮ್ಮದು. ಅದೇ ಜಿಲ್ಲೆಯ ಫುಟ್‌ಬಾಲಿಗನಿಗೆ ತಟ್ಟಲು ಅಂಥ ಬಾಗಿಲಿಲ್ಲ. ಆತನ ಕಾಯಿಲೆಯ ದಿನ ಅಭಿಮಾನಿಗಳೇ ಮಂಡಳಿ, ಅವರೇ ವಿಮಾ ಕಂಪನಿ.

ಹಾಗಿರುವಾಗ ಈ ಅಭಿಮಾನಿಗಳು ಏನನ್ನು ಹೇಗೆ ಕೊಡಬೇಕು ಎಂಬುದು ಕಾಯಿಲೆಯ ಸ್ವರೂಪದ ಮೇಲೆ ನಿಂತಿದೆ. ರಕ್ತ ಕ್ಯಾನ್ಸರ್ ಉದಾಹರಣೆಯನ್ನೇ ನೋಡೋಣ. ಸುದ್ದಿ ತಿಳಿದ ದಿನವೇ ಮೂವತ್ತು ನಲವತ್ತು ಹುಡುಗರು ಒಟ್ಟಿಗೆ ರಕ್ತನಿಧಿಗೆ ಹೋಗುವುದು ನೋಡಲು ಚೆಂದ, ಲೆಕ್ಕಕ್ಕೆ ತಪ್ಪು. ಕೀಮೋಥೆರಪಿಯ ಹಂತದಲ್ಲಿ ರೋಗಿಗೆ ಹೆಚ್ಚಾಗಿ ಬೇಕಾಗುವ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಸಂಗ್ರಹಿಸಿದ ಮೇಲೆ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಅಗತ್ಯ ಮಾತ್ರ ವಾರಗಟ್ಟಲೆ ಮರುಕಳಿಸುತ್ತದೆ. ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ಎಲ್ಲರೂ ಮೊದಲ ದಿನವೇ ಕೊಟ್ಟುಬಿಟ್ಟರೆ ಮೂರನೆಯ ವಾರ ಕೊಡುವವರು ಯಾರು? ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಾದರೆ ದಾನಿಗಳೂ ಹಾಸನದಿಂದ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ಹೆಚ್ಚು ದೂರ ಹೋಗಬೇಕು. ರಕ್ತದ ಗುಂಪು ಬರೆದಿಟ್ಟ ಪಟ್ಟಿ, ಯಾವ ವಾರ ಯಾರ ಸರದಿ ಎಂಬ ಹಂಚಿಕೆ, ಬೆಂಗಳೂರಿನಲ್ಲೇ ಕೆಲಸದಲ್ಲಿರುವ ಊರಿನ ಹುಡುಗರ ದೂರವಾಣಿ ಸಂಖ್ಯೆ ಇದ್ದರೆ ಅದು ಲಕ್ಷ ರೂಪಾಯಿಯ ಚೆಕ್‌ಗಿಂತ ಉಪಯುಕ್ತ. ಕೋಲ್ಕತ್ತದಲ್ಲಿ ಇದಕ್ಕೆ ಒಂದು ಸಂಪ್ರದಾಯವೇ ಇದೆ: 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಪಂದ್ಯದ ಗಲಭೆಯಲ್ಲಿ ಸತ್ತ 16 ಪ್ರೇಕ್ಷಕರ ನೆನಪಿಗೆ ಆ ದಿನ ಫುಟ್‌ಬಾಲ್ ಪ್ರೇಮಿಗಳು ರಕ್ತದಾನ ಮಾಡುತ್ತಾರೆ.

ಮೂತ್ರಪಿಂಡ ವಿಫಲವಾದವರ ಪಾಡು ಬೇರೆ. ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ಸಿಗುವ ವ್ಯವಸ್ಥೆ ಇದೆ. ಆದರೆ ಕಾಫಿ ತೋಟದ ಒಳಗಿನ ಲೈನ್ ಮನೆಯಿಂದ ಮುಖ್ಯರಸ್ತೆಗೆ ಬಂದು, ಬಸ್ಸು ಹಿಡಿದು, ಚಿಕಿತ್ಸೆ ಮುಗಿಸಿ ಸುಸ್ತಾದ ಮೈಯಲ್ಲಿ ಆಷಾಢದ ಮಳೆಗೆ ಹಿಂತಿರುಗುವ ಖರ್ಚು ಮತ್ತು ಶ್ರಮವನ್ನು ಯಾವ ಯೋಜನೆಯೂ ಭರಿಸುವುದಿಲ್ಲ. ಜೊತೆಗೆ ಹೋಗುವ ಹೆಂಡತಿಯದೋ ಮಗನದೋ ಅಂದಿನ ಕೂಲಿಯೂ ಹೋಗುತ್ತದೆ. ಮಲೆನಾಡಿನ ಗದ್ದೆ ಕೆಲಸದಲ್ಲಿ ಒಂದು ಮನೆಯವರು ಇನ್ನೊಂದು ಮನೆಗೆ ಮುಯ್ಯಾಳಾಗಿ ದುಡಿದು ಋಣ ತೀರಿಸುತ್ತಿದ್ದ ಹಾಗೆ, ತಂಡದ ಹುಡುಗರು ಸರದಿಯ ಮೇಲೆ ಗಾಡಿ ತಂದು ಕರೆದೊಯ್ದರೆ ಅದೇ ನಿಜವಾದ ಚಿಕಿತ್ಸಾ ನೆರವು. ರಿಕ್ಸೆನ್‌ಗೆ ಬಂದಂಥ ಕಾಯಿಲೆಯಲ್ಲಂತೂ ಆಸ್ಪತ್ರೆಗಿಂತ ಮನೆಯ ಖರ್ಚೇ ಹೆಚ್ಚು: ಗಾಳಿ ತುಂಬಿದ ಹಾಸಿಗೆ, ಕಫ ಎಳೆಯುವ ಯಂತ್ರ, ರಾತ್ರಿ ಮಗ್ಗುಲು ಬದಲಿಸಲು ಒಬ್ಬ ಮನುಷ್ಯ.

ಹಣ ಕೂಡಿಸುವುದಕ್ಕೆ ಮೊದಲು ಸರ್ಕಾರಿ ದಾರಿಗಳನ್ನು ಪೂರ್ತಿ ನಡೆದು ನೋಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯೊಳಗೆ. ತುರ್ತು ಸ್ಥಿತಿಯಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಆ ಪತ್ರ ಪಡೆಯದೆ ಗಾಬರಿಯಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಆಮೇಲೆ ಪೋಸ್ಟರ್ ಮಾಡುವುದು ನಮ್ಮಲ್ಲಿ ಸಾಮಾನ್ಯ. ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ಯಶಸ್ವಿನಿ ಯೋಜನೆ ಮತ್ತೆ ಜಾರಿಗೆ ಬಂದಿದೆ, ಹಾಲಿನ ಡೇರಿಗೆ ಹಾಲು ಹಾಕುವ ಮಾಜಿ ಗೋಲ್‌ಕೀಪರ್‌ಗೆ ಅದೂ ಅನ್ವಯಿಸಬಹುದು. ದೊಡ್ಡ ಮಟ್ಟದಲ್ಲಿ ಆಡಿ ಈಗ ಕಷ್ಟದಲ್ಲಿರುವವರಿಗೆ ಕೇಂದ್ರ ಕ್ರೀಡಾ ಸಚಿವಾಲಯದ ಪಂಡಿತ್ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿಯಿಂದ ಚಿಕಿತ್ಸೆಗೆ 10 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಅವಕಾಶವಿದೆ.

ಸಂಗ್ರಹಿಸಿದ ಹಣಕ್ಕೂ ಕಾನೂನಿದೆ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಹಣ ಪೂರ್ತಿಯಾಗಿ ಪಡೆದವನ ಆದಾಯವೆಂದೇ ತೆರಿಗೆ ಕಾನೂನು ಎಣಿಸುತ್ತದೆ. ಒಟ್ಟು ಆದಾಯ ಕಡಿಮೆಯಿದ್ದರೆ ತೆರಿಗೆ ಬಾರದಿರಬಹುದು, ಆದರೆ ಅಂಗಾಂಗ ಕಸಿಗೋ ಕ್ಯಾನ್ಸರ್ ಚಿಕಿತ್ಸೆಗೋ ಕೂಡುವ ಮೊತ್ತ ತೆರಿಗೆ ಬೀಳುವ ಆದಾಯದ ಗಡಿಯನ್ನು ದಾಟಬಲ್ಲದು. ನೋಂದಾಯಿತ ಧರ್ಮಾರ್ಥ ಟ್ರಸ್ಟ್ ಮೂಲಕ ಬಂದ ನೆರವಿಗೆ ಈ ತೊಡಕಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬ್ಯಾಂಕ್ ಮೂಲಕ ಕಳಿಸುವ ದಾನ ವಿದೇಶಿ ದೇಣಿಗೆಯಾಗುವುದಿಲ್ಲ; ವಿದೇಶಿ ಪೌರತ್ವ ಪಡೆದವರಿಂದ ಟ್ರಸ್ಟ್ ಹಣ ಪಡೆಯಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಆಸ್ಪತ್ರೆಯ ಬಿಲ್ಲನ್ನು ನೇರವಾಗಿ ಆಸ್ಪತ್ರೆಗೇ ಕಟ್ಟಿ, ಲೆಕ್ಕವನ್ನು ಗುಂಪಿನಲ್ಲಿ ಹಾಕಿದರೆ ಅನುಮಾನಕ್ಕೂ ಎಡೆಯಿರುವುದಿಲ್ಲ. ಊರಿನಲ್ಲಿ ಮುಂದಿನ ರೋಗಿಗೆ ಹಣ ಹುಟ್ಟದಿರಲು ಹಿಂದಿನ ರೋಗಿಯ ಲೆಕ್ಕ ಸಿಗದಿರುವುದೇ ಹೆಚ್ಚಿನ ಸಲ ಕಾರಣ.

ಅಭಿಮಾನಕ್ಕೆ ಒಂದು ಪಕ್ಷಪಾತವೂ ಇದೆ, ಅದನ್ನು ಹೇಳದೆ ಬಿಡಲಾಗದು. ಗೋಲು ಹೊಡೆದವನ ಫೋಟೊ ಎಲ್ಲರ ಬಳಿ ಇರುತ್ತದೆ, ಹದಿನೈದು ವರ್ಷ ಬ್ಯಾಕ್ ಆಡಿದವನದು ಇರುವುದಿಲ್ಲ. ಹೆಣ್ಣುಮಕ್ಕಳ ತಂಡದಲ್ಲಿ ಆಡಿದವರ ಹೆಸರಂತೂ ಮದುವೆಯಾಗಿ ಊರು ಬದಲಾಯಿಸಿದ ಮೇಲೆ ಪಟ್ಟಿಯಿಂದಲೇ ಅಳಿಯುತ್ತದೆ. ಮೂಗಿಗೆ ನಳಿಕೆ ಇರುವ ಚಿತ್ರ ಹಾಕದಿದ್ದರೆ ಹಣ ಬರುವುದಿಲ್ಲವೆಂಬ ನಂಬಿಕೆಯಲ್ಲಿ ರೋಗಿಯ ಒಪ್ಪಿಗೆಯನ್ನೂ ಕೇಳದೆ ವೈದ್ಯಕೀಯ ವರದಿಗಳನ್ನು ಹಂಚುವುದು ನನಗೆ ಸರಿಕಾಣುವುದಿಲ್ಲ. ವಿಶ್ವಕಪ್ ಬಂದಾಗ ಆಳೆತ್ತರದ ಫ್ಲೆಕ್ಸ್‌ಗೆ ಖರ್ಚುಮಾಡುವ ಊರುಗಳು ಮಾಜಿ ಆಟಗಾರನ ಮರ್ಯಾದೆಗೂ ಅಷ್ಟೇ ಉದಾರವಾಗಬಹುದು.

ದಾಖಲೆಯ ಕೊರತೆ ಇಲ್ಲಿಯೇ ಕಾಡುತ್ತದೆ. ಕೇಂದ್ರದ ಕಲ್ಯಾಣ ನಿಧಿ ಸಾಧನೆಯ ಪುರಾವೆ ಕೇಳುತ್ತದೆ. ಎಂಬತ್ತರ ದಶಕದಲ್ಲಿ ಆಡಿದವರ ಪ್ರಮಾಣಪತ್ರಗಳು ಎಷ್ಟೋ ಮನೆಗಳಲ್ಲಿ ಗೆದ್ದಲು ಹಿಡಿದಿವೆ, ಕೆಲವರಿಗೆ ಕೊಟ್ಟೇ ಇಲ್ಲ. ಯಾರು ಯಾವ ವರ್ಷ ಯಾವ ತಂಡಕ್ಕೆ ಆಡಿದರು ಎಂಬ ಪಟ್ಟಿಯನ್ನು ಜಿಲ್ಲಾ ಸಂಸ್ಥೆಗಳು ಇಟ್ಟುಕೊಳ್ಳಬೇಕು. ಇಡದಿದ್ದರೆ ಯಾಕೆ ಇಟ್ಟಿಲ್ಲವೆಂದು ಪ್ರತಿ ಪಂದ್ಯಾವಳಿಯ ವೇದಿಕೆಯ ಮುಂದೆ ಕೇಳುವುದು ಅಭಿಮಾನಿಗಳಿಗೆ ಬಿಟ್ಟ ಕೆಲಸ. ಕ್ಲಬ್‌ಗಳು ಆಟಗಾರರಿಗೆ ಅಪಘಾತ ವಿಮೆ ಮಾಡಿಸಿವೆಯೇ, ಸಂಘಟಕರು ಬಹುಮಾನದ ಮೊತ್ತದಲ್ಲಿ ಒಂದು ಪಾಲನ್ನು ಮಾಜಿ ಆಟಗಾರರ ನಿಧಿಗೆ ತೆಗೆದಿಡುತ್ತಾರೆಯೇ ಎಂಬುವೂ ಅದೇ ಸಾಲಿನ ಪ್ರಶ್ನೆಗಳು. ದಸರಾ ಕಳೆದು ಮೈದಾನ ಒಣಗುವ ಹೊತ್ತಿಗೆ ಸೆವೆನ್ಸ್ ಪಂದ್ಯಾವಳಿಗಳ ನಿಯಮಪತ್ರ ಅಚ್ಚಿಗೆ ಹೋಗುತ್ತದೆ. ಪ್ರವೇಶ ಶುಲ್ಕದ ಕೆಳಗೆ ಆ ನಿಧಿಯ ಸಾಲೊಂದನ್ನು ಸೇರಿಸಲು ಸಂಘಟಕರಿಗೆ ಬೆಂಗಳೂರಿನದಾಗಲಿ ದೆಹಲಿಯದಾಗಲಿ ಅನುಮತಿ ಬೇಕಿಲ್ಲ.